ಎರಗಾನ್‌ಗೆ ಒಬ್ರು ಐದು ಸ್ಟಾರ್, ಇನ್ನೊಬ್ರು ಒಂದು ಸ್ಟಾರ್: ಯಾರ ಮಾತು ಕೇಳೋದು?

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು, 13 ವರ್ಷ. ಸಂಬಂಧಿಕರ ಮನೆಯಿಂದ ಎರಗಾನ್ ಅನ್ನೋ ಇಂಗ್ಲಿಷ್ ಕಾದಂಬರಿ ತಂದವಳು ಮುಗಿಸಿ ಮತ್ತೆ ಮೊದಲಿಂದ ಶುರು ಮಾಡ್ಕೊಂಡಿದಾಳೆ, ಈಗ ಮುಂದಿನ ಭಾಗಗಳು ಬೇಕೇ ಬೇಕು ಅಂತ ಹಠ. ದುಡ್ಡು ಹಾಕೋ ಮುಂಚೆ ಓದಿದೋರು ಏನಂತಾರೆ ನೋಡೋಣ ಅಂತ ಹೋದ್ರೆ ಅರ್ಧ ಜನ 'ನಮ್ಮ ಬಾಲ್ಯದ ಬೆಸ್ಟ್ ಪುಸ್ತಕ' ಅಂತಾರೆ, ಇನ್ನರ್ಧ ಜನ 'ಬರೀ ಕಾಪಿ, ಟೈಮ್ ವೇಸ್ಟ್' ಅಂತಾರೆ. ಯಾರನ್ನ ನಂಬೋದು? ಅವಳ ವಯಸ್ಸಿಗೆ ಇದು ಸರಿನಾ? ಡ್ರ್ಯಾಗನ್ ಜೊತೆ ಮನಸ್ಸಲ್ಲೇ ಮಾತಾಡೋ ಕಥೆ ಅಂತೆ, ಇಷ್ಟೊಂದು ಮುಳುಗಿ ಹೋಗೋಕೆ ಅದ್ರಲ್ಲಿ ಏನಿದೆ? (ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ಮೊದ್ಲು ಚಿಕ್ಕ ಉತ್ತರ ಕೊಟ್ಬಿಡ್ತೀನಿ. ಎರಡನೇ ಭಾಗ ಕೊಡ್ಸಿ, ವಯಸ್ಸಿಗೆ ಸರಿಯಾಗೇ ಇದೆ, ಒಂದೆರಡು ಕಡೆ ಮಾತ್ರ ನೀವು ಮುಂಚೆನೇ ತಿಳ್ಕೊಂಡಿರಬೇಕು, ಅದನ್ನ ಕೆಳಗೆ ಹೇಳ್ತೀನಿ. ಯಾರನ್ನ ನಂಬೋದು ಅಂದ್ರಲ್ಲ, ಅದಕ್ಕೆ ಸ್ವಲ್ಪ ಉದ್ದ ಹೋಗ್ಬೇಕು, ಯಾಕಂದ್ರೆ ಈ ಪುಸ್ತಕದ ವಿಷಯದಲ್ಲಿ ಎರಡೂ ಕಡೆಯವರು ಸುಳ್ಳು ಹೇಳ್ತಿಲ್ಲ. ಒಂದು ಸ್ಟಾರ್ ಕೊಟ್ಟೋರು ಕಥೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಓದಿದಾರೆ, ಐದು ಸ್ಟಾರ್ ಕೊಟ್ಟೋರು ಆ ಹುಡುಗ ಮತ್ತೆ ಅವನ ಡ್ರ್ಯಾಗನ್ ಮಧ್ಯೆ ಏನಾಗುತ್ತೆ ಅಂತ ಓದಿದಾರೆ. ಹಾಗಾಗಿ ಜಗಳ ಆಡ್ತಿರೋರು ಒಂದೇ ವಿಷಯಕ್ಕೆ ಜಗಳ ಆಡ್ತಿಲ್ಲ.

ಮೊದ್ಲು ಬೈಯೋರ ಕಡೆ ನೋಡೋಣ. ಅವರ ದೊಡ್ಡ ಕಂಪ್ಲೇಂಟು ಕಾಪಿ ಅನ್ನೋದು, ಅದ್ರಲ್ಲಿ ನಿಜ ಇದೆ. ಒಂದು ಹಳ್ಳಿ, ಅಲ್ಲಿ ಮಾವನ ಜಮೀನಲ್ಲಿ ಬೆಳೆದ ಅಪ್ಪ-ಅಮ್ಮ ಇಲ್ಲದ ಹುಡುಗ, ಅವನ ಕೈಗೆ ಆಕಸ್ಮಾತಾಗಿ ಸಿಗೋ ಒಂದು ಅಮೂಲ್ಯ ವಸ್ತು, ಅದನ್ನ ಹುಡುಕ್ಕೊಂಡು ಬರೋ ಸಾಮ್ರಾಟನ ಕಡೆಯವರು, ಸಾಯೋ ಮಾವ, ಊರಲ್ಲಿ ಸುಮ್ನೆ ಇದ್ದ ಒಬ್ಬ ಮುದುಕ (ಅವನೇ ಹಳೇ ಕಾಲದ ವೀರ ಅಂತ ಆಮೇಲೆ ಗೊತ್ತಾಗೋದು), ಸೆರೆಯಲ್ಲಿರೋ ರಾಜಕುಮಾರಿ, ಗುಟ್ಟಾಗಿ ಅಡಗಿರೋ ಬಂಡಾಯಗಾರರು. ಇದನ್ನ ಹೀಗೆ ಸಾಲಾಗಿ ಇಟ್ರೆ 1977ರ ಸ್ಟಾರ್ ವಾರ್ಸ್ ಸಿನಿಮಾ ನೋಡಿದ ಯಾರಿಗಾದ್ರೂ ನಗು ಬರುತ್ತೆ. ಇನ್ನು ಡ್ರ್ಯಾಗನ್ನೇ ತನ್ನ ಸವಾರನನ್ನ ಆರಿಸ್ಕೊಳ್ಳೋದು, ಮೊಟ್ಟೆಯಿಂದ ಬಂದ ಕೂಡ್ಲೆ ಇಬ್ಬರ ಮನಸ್ಸೂ ಬೆಸೆದುಕೊಳ್ಳೋದು, ಇದನ್ನ ಆನ್ ಮೆಕಾಫ್ರಿ ಅನ್ನೋ ಲೇಖಕಿ 1967ರಲ್ಲೇ ಪರ್ನ್ ಅನ್ನೋ ಕಾಲ್ಪನಿಕ ಗ್ರಹದ ಕಥೆಗಳಲ್ಲಿ ಶುರು ಮಾಡಿದ್ರು, ಆ ಮೊದಲ ಕಥೆಗೆ 1968ರಲ್ಲಿ ಹ್ಯೂಗೋ ಪ್ರಶಸ್ತಿ (ವೈಜ್ಞಾನಿಕ, ಫ್ಯಾಂಟಸಿ ಕಥೆಗಳಿಗೆ ಕೊಡೋದು) ಬಂತು, ಕಥೆ ಬರೆದು ಆ ಪ್ರಶಸ್ತಿ ತಗೊಂಡ ಮೊದಲ ಮಹಿಳೆ ಅವರೇ. ವಸ್ತುವಿನ ನಿಜವಾದ ಹೆಸರು ಗೊತ್ತಿದ್ರೆ ಅದರ ಮೇಲೆ ಹಿಡಿತ ಸಿಗುತ್ತೆ ಅನ್ನೋದು, ಡ್ರ್ಯಾಗನ್‌ಗಳಿಗೆ ಆ ಹಳೇ ಭಾಷೆ ಬರುತ್ತೆ ಅನ್ನೋದು ಉರ್ಸುಲಾ ಲೆ ಗ್ವಿನ್ 1968ರಲ್ಲಿ ತಂದ ಅರ್ತ್‌ಸೀ ಕಾದಂಬರಿಯಲ್ಲಿದೆ. ಇಷ್ಟನ್ನೂ ಮೊದ್ಲೇ ಓದಿದ ಒಬ್ಬ ಮೂವತ್ತು ವರ್ಷದ ಓದುಗ ಎರಗಾನ್ ಕೈಗೆತ್ಕೊಂಡ್ರೆ ಐವತ್ತು ಪೇಜಿಗೆ ಮುಂದೇನಾಗುತ್ತೆ ಅಂತ ಹೇಳಿಬಿಡ್ತಾನೆ, ಅವನಿಗೆ ಬೋರ್ ಆದ್ರೆ ಅದು ಅವನ ತಪ್ಪಲ್ಲ.

ಆದ್ರೆ ನೀವು ಶಿವಮೊಗ್ಗದೋರು, ಯಕ್ಷಗಾನ ನೋಡಿರ್ತೀರಿ. ಪ್ರಸಂಗ ಎಲ್ರಿಗೂ ಬಾಯಿಪಾಠ, ಆದ್ರೂ ಬೆಳಗಿನ ಜಾವದ ತನಕ ಕೂರ್ತಾರಲ್ಲ, ಈ ವೇಷಧಾರಿ ಇವತ್ತು ಆ ಮಾತು ಹೇಗೆ ಹೇಳ್ತಾನೆ ಅಂತ ನೋಡೋಕೆ. 13 ವರ್ಷದೋರಿಗೆ ಹಾಗೂ ಅಲ್ಲ, ಪ್ರಸಂಗವೇ ಹೊಸದು. ಹಾಗಾಗಿ ಕಾಪಿ ಅನ್ನೋ ದೂರು ನಿಜ ಆದ್ರೂ ನಿಮ್ಮ ಮಗಳ ಮಟ್ಟಿಗೆ ಅದರಿಂದ ಹೆಚ್ಚೇನೂ ಗೊತ್ತಾಗಲ್ಲ.

ಇನ್ನೊಂದು ಗಮನಿಸಿ, ಈ ಪುಸ್ತಕದ ಬಗ್ಗೆ ಬರೆದ ಅಭಿಪ್ರಾಯಗಳಲ್ಲಿ ಎಷ್ಟೋ ಪುಸ್ತಕದ ಬಗ್ಗೆ ಇರೋದೇ ಇಲ್ಲ, ಲೇಖಕನ ವಯಸ್ಸಿನ ಬಗ್ಗೆ ಇರ್ತವೆ. ಕ್ರಿಸ್ಟೋಫರ್ ಪಾವೊಲಿನಿ ಅಮೆರಿಕದ ಮೊಂಟಾನಾದ ಪ್ಯಾರಡೈಸ್ ವ್ಯಾಲಿ ಅನ್ನೋ ಕಡೆ ಬೆಳೆದ ಹುಡುಗ, ಸ್ಕೂಲಿಗೆ ಹೋಗ್ಲಿಲ್ಲ, ಮನೇಲೇ ಓದು, 15ಕ್ಕೇ ಹೈಸ್ಕೂಲ್ ಮುಗಿಸಿ ಇದನ್ನ ಬರೆಯೋಕೆ ಕೂತ. 2002ರಲ್ಲಿ ಅಪ್ಪ-ಅಮ್ಮನೇ ತಮ್ಮ ಪುಟ್ಟ ಕಂಪನಿಯಿಂದ ಅಚ್ಚು ಹಾಕ್ಸಿದ್ರು, ಮುಖಪುಟದ ಡ್ರ್ಯಾಗನ್ ಕಣ್ಣನ್ನೂ ಒಳಗಿನ ಮ್ಯಾಪನ್ನೂ ಹುಡುಗನೇ ಬರೆದಿದ್ದ, ಆಮೇಲೆ ಕೆಂಪು ಶರ್ಟು, ದೊಗಳೆ ಕಪ್ಪು ಪ್ಯಾಂಟು, ಬೂಟು, ಟೋಪಿ ಹೀಗೆ ಹಳೇ ಕಾಲದ ವೇಷ ಹಾಕ್ಕೊಂಡು ಸ್ಕೂಲು, ಲೈಬ್ರರಿ, ಪುಸ್ತಕದಂಗಡಿ ಅಂತ 135ಕ್ಕೂ ಹೆಚ್ಚು ಕಡೆ ಹೋಗಿ ಮಾರಿದ. ಕಾರ್ಲ್ ಹಯಾಸನ್ ಅನ್ನೋ ಹೆಸರಾಂತ ಲೇಖಕರ ಮನೆ ಹುಡುಗ ಮೊಂಟಾನಾ ಟ್ರಿಪ್ಪಲ್ಲಿ ಅದನ್ನ ಓದಿ ಮೆಚ್ಚಿದ, ಅವರು ತಮ್ಮ ಪ್ರಕಾಶಕರಿಗೆ ಹೇಳಿದ್ರು, 2003ರಲ್ಲಿ ನಾಫ್ ಪ್ರಕಾಶನ ಅದನ್ನ ಒಂದಷ್ಟು ಕತ್ತರಿಸಿ ಮತ್ತೆ ತಂತು. ಈ ಕಥೆ ಎಷ್ಟು ಚೆನ್ನಾಗಿದೆ ಅಂದ್ರೆ ಪುಸ್ತಕವನ್ನೇ ಮರೆಸಿಬಿಡುತ್ತೆ. ಕೆಲವರು 'ಅಷ್ಟು ಚಿಕ್ಕ ವಯಸ್ಸಲ್ಲಿ ಇಷ್ಟು ಬರೆದ' ಅಂತ ಎರಡು ಸ್ಟಾರ್ ಜಾಸ್ತಿ ಕೊಡ್ತಾರೆ, ಕೆಲವರು 'ಅಪ್ಪ-ಅಮ್ಮ ಪ್ರಕಾಶಕರಾಗಿದ್ರೆ ನಾವೂ ಬರೀತಿದ್ವಿ' ಅಂತ ಎರಡು ಕಮ್ಮಿ ಮಾಡ್ತಾರೆ. ನನ್ನ ಕೇಳಿದ್ರೆ ಎರಡನ್ನೂ ಪಕ್ಕಕ್ಕಿಡಿ. ಓದೋ ಹುಡುಗಿಗೆ ಲೇಖಕನ ಜಾತಕ ಬೇಕಿಲ್ಲ.

ಈಗ ನಿಮ್ಮ ಕೊನೇ ಪ್ರಶ್ನೆ, ಮುಳುಗಿ ಹೋಗೋಕೆ ಏನಿದೆ ಅಂದ್ರಲ್ಲ, ನನಗೆ ಇದೇ ಮುಖ್ಯ ಅನ್ಸುತ್ತೆ. (ನೀವೂ ಓದೋ ಪ್ಲಾನ್ ಇದ್ರೆ ಮುಂದಿನ ಐದಾರು ಪ್ಯಾರಾ ಬಿಟ್ಟುಬಿಡಿ, ಕಥೆ ಗುಟ್ಟು ಬಿಡ್ತಿದೀನಿ.)

ಕಥೆಯ ಹುಡುಗನ ಹೆಸರೇ ಎರಗಾನ್, ಅವನಿಗೆ ಕಾಡಲ್ಲಿ ಬೇಟೆಗೆ ಹೋದಾಗ ಒಂದು ನೀಲಿ ಕಲ್ಲು ಸಿಗುತ್ತೆ. ಬಡವರ ಮನೆ ಹುಡುಗ, ಅದನ್ನ ಕೊಟ್ಟು ಮಾಂಸ ತರೋಣ ಅಂತ ಹೋಗ್ತಾನೆ, ಯಾರೂ ತಗೊಳ್ಳಲ್ಲ. ಆಮೇಲೆ ಅದು ಒಡೆದು ಡ್ರ್ಯಾಗನ್ ಮರಿ ಬರುತ್ತೆ, ಮುಟ್ಟಿದ ತಕ್ಷಣ ಮೈಯೆಲ್ಲಾ ಹಿಮದಂಥ ಚಳಿ ಹರಿದು ಅಂಗೈಯಲ್ಲಿ ಬೆಳ್ಳಗೆ ಒಂದು ಗುರುತು ಉಳಿದುಬಿಡುತ್ತೆ. ಅಲ್ಲಿಗೇ ಪವಾಡ ಮುಗಿದ್ಹೋಯ್ತು. ಮುಂದಿನದೆಲ್ಲ ಸಾಕೋ ಕೆಲಸ: ಮನೇಲಿ ಯಾರಿಗೂ ಹೇಳೋ ಹಾಗಿಲ್ಲ, ಕಾಡಲ್ಲಿ ಒಂದು ಮರದ ಮೇಲೆ ಕಡ್ಡಿ ಕಟ್ಟಿ ಬಟ್ಟೆ ಚೂರು ಹಾಸಿ ಗೂಡು ಮಾಡ್ತಾನೆ, ಮಾಂಸ ಕದ್ದು ತಂದು ಕೊಡ್ತಾನೆ, ಕೆಲಸ ಮುಗಿಸಿ ಓಡ್ಕೊಂಡು ಹೋಗಿ ಬದುಕಿದೆಯಾ ಅಂತ ನೋಡ್ತಾನೆ. ಮೊದಮೊದಲು ಅದಕ್ಕೆ ಮಾತಿಲ್ಲ, ಹಸಿವು, ಕುತೂಹಲ, ಹೀಗೆ ಬರೀ ಭಾವನೆ ಇವನ ಮನಸ್ಸಿಗೆ ತಾಗುತ್ತೆ. ಆಮೇಲೆ ಒಂದಿನ ಒಂದು ಪದ ಬರುತ್ತೆ, ಅದು ಅವನ ಹೆಸರೇ. ನಾಯಿಮರಿ, ಕರು ಏನಾದ್ರೂ ಗುಟ್ಟಾಗಿ ಸಾಕಿದ ಮಕ್ಕಳಿಗೆ ಈ ಪೇಜುಗಳು ಏನು ಮಾಡ್ತವೆ ಅಂತ ನಾನು ವಿವರಿಸಬೇಕಾಗಿಲ್ಲ.

ಹೆಸರಿಡೋ ಜಾಗನೂ ಚೆನ್ನಾಗಿದೆ. ಎರಗಾನ್ ಊರಿನ ಕಥೆ ಹೇಳೋ ಮುದುಕ ಬ್ರಾಮ್ ಹತ್ರ ಹೋಗಿ ಸುಮ್ನೆ ಕೇಳೋ ಥರ ಹಳೇ ಡ್ರ್ಯಾಗನ್‌ಗಳ ಹೆಸರು ಕೇಳ್ಕೊಂಡು ಬರ್ತಾನೆ, ಮುದುಕ ಕೊನೇ ಹೆಸರನ್ನ ಮಾತ್ರ ಕೇಳಿಸೀತೋ ಇಲ್ವೋ ಅನ್ನೋ ಹಾಗೆ ಹೇಳ್ತಾನೆ. ಇವನು ಬಂದು ಒಂದೊಂದೇ ಹೆಸರು ಹೇಳಿದ್ರೆ ಡ್ರ್ಯಾಗನ್ ಯಾವುದನ್ನೂ ಒಪ್ಪಲ್ಲ, ಅದಕ್ಕೆ ನಗು ಬೇರೆ. ಕೊನೆಗೆ ಇವನಿಗೆ ಹೊಳೆಯುತ್ತೆ, ಇಲ್ಲಿವರೆಗೂ ಗಂಡು ಹೆಸರೇ ಹೇಳ್ತಿದೀನಿ, ಇವಳು ಹೆಣ್ಣು ಅಂತ. ಆಗ ಆ ಮೆಲ್ಲಗೆ ಹೇಳಿದ ಹೆಸರು, ಸಫೀರಾ ಅಂತ ಕೇಳ್ತಾನೆ, ಅವಳು ಹೂಂ ಅಂತಾಳೆ. ಆ ಹೆಸರು ಬ್ರಾಮ್‌ನ ಸತ್ತುಹೋದ ಡ್ರ್ಯಾಗನ್‌ದು ಅಂತ ನಮಗೆ ಗೊತ್ತಾಗೋದು ಬ್ರಾಮ್ ಸಾಯೋ ಹೊತ್ತಿಗೆ. ಎರಡನೇ ಸಲ ಓದೋರಿಗೆ ಆ ಮೆಲ್ಲಗೆ ಹೇಳಿದ ಜಾಗ ಬೇರೆ ಥರನೇ ಕಾಣುತ್ತೆ, ನಿಮ್ಮ ಮಗಳು ಮತ್ತೆ ಮೊದಲಿಂದ ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ ಇರಬಹುದು, ಕೇಳಿ ನೋಡಿ.

ಆದ್ರೆ ನಾನು ಈ ಪುಸ್ತಕದ ಪರ ವಾದ ಮಾಡ್ಬೇಕು ಅಂದ್ರೆ ತೋರಿಸೋದು ಬೇರೆ ಜಾಗ, ಅವನು ಮೊದಲ ಸಲ ಹಾರೋದು. ಡ್ರ್ಯಾಗನ್ ಕಥೆ ಅಂದ್ರೆ ಮೊದಲ ಹಾರಾಟ ಖುಷಿಯಾಗಿರ್ಬೇಕು ಅಲ್ವಾ, ಮೋಡ, ಗಾಳಿ, ಜಗತ್ತೆಲ್ಲ ಕೆಳಗೆ ಅಂತ. ಇಲ್ಲಿ ಊರಿಗೆ ಇಬ್ಬರು ಅಪರಿಚಿತರು ಹುಡುಕ್ಕೊಂಡು ಬಂದಿರ್ತಾರೆ, ಎರಗಾನ್ ಓಡಿ ಬಂದು ಸಫೀರಾಗೆ ಹೇಳ್ತಾನೆ, ಅವಳಿಗೆ ವಿಪರೀತ ಭಯ ಆಗುತ್ತೆ, ಇವನನ್ನ ಬೆನ್ನ ಮೇಲೆ ಹತ್ತಿಸ್ಕೊಂಡು ಇವನು ಬೇಡ ಬೇಡ ಅಂದ್ರೂ ಕೇಳದೆ ದೂರ ಬೆಟ್ಟಕ್ಕೆ ಹಾರಿಬಿಡ್ತಾಳೆ. ಜೀನಿಲ್ಲ ಏನಿಲ್ಲ, ಚೂಪು ಚೂಪು ಹುರುಪೆಗೆ ಉಜ್ಜಿ ತೊಡೆ ಒಳಗಿನ ಚರ್ಮ ಎಲ್ಲಾ ಸುಲಿದು ರಕ್ತ. ಇಳಿದ ಮೇಲೆ ನಡೆಯೋಕಾಗಲ್ಲ, ಮನೇಲಿ ಮಾವ ಒಬ್ಬನೇ ಇದಾನೆ ವಾಪಸ್ ಹೋಗೋಣ ಅಂತ ಗೋಗರೆದ್ರೂ ಅವಳು ಬಗ್ಗಲ್ಲ, ರಾತ್ರಿಯೆಲ್ಲ ಚಳೀಲಿ ಅವಳ ರೆಕ್ಕೆ ಕೆಳಗೇ ಮಲಗ್ತಾನೆ. ಬೆಳಗ್ಗೆ ಹೋಗಿ ನೋಡಿದ್ರೆ ಮನೆ ಪುಡಿಪುಡಿ, ಮಾವ ಸಾಯೋ ಸ್ಥಿತಿಯಲ್ಲಿ ಬಿದ್ದಿರ್ತಾನೆ.

ಅಂದ್ರೆ ಏನಾಯ್ತು? ಇವನನ್ನ ಉಳಿಸಿದ್ದೂ ಅವಳೇ, ಮಾವನ್ನ ಉಳಿಸೋಕೆ ಬಿಡದೇ ಇದ್ದದ್ದೂ ಅವಳೇ. ಮನಸ್ಸು ಮನಸ್ಸು ಬೆಸೆದಿದೆ ಅಂತ ಹೇಳಿದ ಮಾತು ಕೇಳ್ತಾಳೆ ಅಂತೇನಿಲ್ಲ. 'ಇದೆಲ್ಲ ಹುಡುಗರ ಹಗಲುಗನಸು, ತಾನು ಹೇಳಿದಂಗೆ ಕೇಳೋ ದೊಡ್ಡ ಪ್ರಾಣಿ ಸಿಗ್ಲಿ ಅನ್ನೋ ಆಸೆ ಅಷ್ಟೆ' ಅಂತ ಬರೆಯೋರು ಈ ಅಧ್ಯಾಯವನ್ನ ಸರಿಯಾಗಿ ಓದಿಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. ಆಸೆ ಇದ್ದೇ ಇದೆ, ಅದರ ಬೆಲೆನೂ ಅಲ್ಲೇ ಇದೆ.

ಆ ಬೆಲೆ ಕಥೆಯ ರಾಜಕೀಯಕ್ಕೂ ಹೋಗುತ್ತೆ, ಇದನ್ನ ಬೈಯೋರೂ ಹೊಗಳೋರೂ ಅಷ್ಟಾಗಿ ಹೇಳಲ್ಲ. ಖಳನಾಯಕ ಗಾಲ್ಬಟೊರಿಕ್ಸ್ ಸಾಮ್ರಾಟ ಹುಟ್ಟಾ ರಾಕ್ಷಸ ಅಲ್ಲ, ಅವನೂ ಒಬ್ಬ ಡ್ರ್ಯಾಗನ್ ಸವಾರ, ಚಿಕ್ಕ ವಯಸ್ಸಲ್ಲಿ ಅವನ ಡ್ರ್ಯಾಗನ್ ಸತ್ತು ತಲೆ ಕೆಟ್ಟು ಹೋಗುತ್ತೆ, ಇನ್ನೊಂದು ಕೊಡಿ ಅಂತ ಹಿರಿಯರನ್ನ ಕೇಳಿದ್ರೆ ಕೊಡಲ್ಲ, ಆಗ ಒಂದು ಮರಿಯನ್ನ ಕದ್ದು ಮಂತ್ರ ಹಾಕಿ ಬಲವಂತವಾಗಿ ತನಗೆ ಕಟ್ಕೋತಾನೆ. ಅವನು, ಬ್ರಾಮ್, ಎರಗಾನ್, ಮೂರು ಜನರದ್ದೂ ಮೂರು ಥರದ ನಂಟು: ಒಂದು ಮುರಿದು ವಿಷ ಆಗಿದ್ದು, ಒಂದು ಮುರಿದ್ರೂ ಮನುಷ್ಯ ಉಳ್ಕೊಂಡಿದ್ದು, ಒಂದು ಈಗ ತಾನೇ ಶುರುವಾಗಿದ್ದು. ಸ್ಟಾರ್ ವಾರ್ಸ್ ಪಟ್ಟಿ ಹಾಕೋರ ಲೆಕ್ಕಕ್ಕೆ ಇದು ಸಿಗಲ್ಲ.

ಹಂಗಂತ ಪುಸ್ತಕ ಪರ್ಫೆಕ್ಟ್ ಅಂತಲ್ಲ ಮತ್ತೆ. ಸಫೀರಾ ಬೆಳೆಯೋದು ತುಂಬಾ ಬೇಗ, ದೇಹ ಬೆಳೆದ್ರೆ ಸರಿ, ಕೆಲವೇ ತಿಂಗಳಲ್ಲಿ ಅಜ್ಜಿ ಥರ ಬುದ್ಧಿ ಹೇಳೋಕೂ ಶುರು ಮಾಡ್ತಾಳೆ. ಅವಳು ಎರಗಾನ್‌ನ ಮನಸ್ಸಾಕ್ಷಿಗೆ ರೆಕ್ಕೆ ಬಂದಂಗಿದಾಳೆ ಅಷ್ಟೆ ಅನ್ನೋ ಟೀಕೆ ಮೊದಲ ಭಾಗದ ಮಟ್ಟಿಗೆ ಅರ್ಧ ಒಪ್ಕೋತೀನಿ. ಇನ್ನೊಂದು, ಊರು ಬಿಟ್ಟ ಮೇಲೆ ಬ್ರಾಮ್ ಜೊತೆ ಕುದುರೆ ಮೇಲೆ ಹೋಗ್ತಾನೆ ಹೋಗ್ತಾನೆ ಹೋಗ್ತಾನೇ ಇರ್ತಾನೆ, ಪಟ್ಟಣ ಬಂದಾಗಲೆಲ್ಲ ಡ್ರ್ಯಾಗನ್ ಹೊರಗೆ ಅಡಗಿರ್ಬೇಕು, ಅಂದ್ರೆ ನಾವು ಯಾರಿಗೋಸ್ಕರ ಪುಸ್ತಕ ಹಿಡಿದ್ವೋ ಅವಳೇ ಎಷ್ಟೋ ಪೇಜು ನಾಪತ್ತೆ. ಮಧ್ಯದಲ್ಲಿ ಬಿಟ್ಟೆ ಅಂತ ಬರೆಯೋರು ಸಾಮಾನ್ಯವಾಗಿ ಇಲ್ಲೇ ಬಿಟ್ಟಿರ್ತಾರೆ. ಹೀರೋ ಮಾತುಮಾತಿಗೂ ಪ್ರಜ್ಞೆ ತಪ್ಪಿ ಬೀಳ್ತಾನೆ ಅಂತ ಓದುಗರು ತಮಾಷೆ ಮಾಡ್ತಾರೆ, ಅದೂ ನಿಜವೇ, ಅಧ್ಯಾಯ ಮುಗಿಸೋಕೆ ಬೇರೆ ದಾರಿ ಗೊತ್ತಿಲ್ಲದಾಗ ಹುಡುಗನ್ನ ಮೂರ್ಛೆ ಬೀಳಿಸಿಬಿಡ್ತಾನೆ ಲೇಖಕ. ವರ್ಣನೆನೂ ಜಾಸ್ತಿ, ಸೂರ್ಯ ಮುಳುಗಿದ ಅಂತ ಸುಮ್ನೆ ಹೇಳೋಕೆ ಬರೋದೇ ಇಲ್ಲ. ಎಂಟನೇ ಕ್ಲಾಸಿನವರಿಗೆ ಇಂಗ್ಲಿಷ್ ಪದ ಕಲಿಯೋಕೆ ಒಳ್ಳೇದೇ ಬಿಡಿ, ಆ ಶೈಲಿಯನ್ನ ಪರೀಕ್ಷೆ ಪ್ರಬಂಧಕ್ಕೆ ತಗೊಂಡು ಹೋಗದೇ ಇದ್ರೆ ಸಾಕು.

ವಯಸ್ಸಿನ ವಿಷಯ. ಪ್ರೇಮ ಗೀಮ ಅಂತ ನೀವು ಗಾಬರಿ ಬೀಳೋಂಥದ್ದು ಏನೂ ಇಲ್ಲ. ಹಿಂಸೆ ಇದೆ. ಯಾಝುಆಕ್ ಅನ್ನೋ ಹಳ್ಳಿಗೆ ಎರಗಾನ್, ಬ್ರಾಮ್ ಹೋದಾಗ ಊರಿನವರ ಹೆಣಗಳನ್ನ ರಾಶಿ ಹಾಕಿರ್ತಾರೆ, ಮೇಲ್ಗಡೆ ಒಂದು ಹಸುಗೂಸನ್ನ ಈಟಿಗೆ ಚುಚ್ಚಿರ್ತಾರೆ, ಇದು ದೊಡ್ಡೋರಿಗೂ ಕಷ್ಟ ಆಗೋ ದೃಶ್ಯ. ನಿಮ್ಮ ಮಗಳು ಅದನ್ನ ಆಗ್ಲೇ ಓದಿದಾಳೆ. ಅವಳಾಗೇ ಅದರ ಬಗ್ಗೆ ಮಾತೆತ್ತಿದ್ರೆ ಕೂತು ಕೇಳಿಸ್ಕೊಳ್ಳಿ, ಅವಳು ಎತ್ತದೇ ಇದ್ರೆ ನೀವಾಗಿ ಕೆದಕೋದು ಬೇಡ. ಮುಂದಿನ ಭಾಗಗಳಲ್ಲಿ ಯುದ್ಧ ಜಾಸ್ತಿ, ಚಿತ್ರಹಿಂಸೆನೂ ಬರುತ್ತೆ, ಕೊನೇ ಭಾಗ ಇನ್ನೊಂದು ವರ್ಷ ಬಿಟ್ಟು ಕೊಟ್ರೂ ನಷ್ಟ ಇಲ್ಲ.

ಮುಳುಗಿ ಹೋಗಿದಾಳೆ ಅನ್ನೋದು ಸಮಸ್ಯೆ ಅಂತ ನನಗೆ ಅನ್ಸಲ್ಲ. ಊಟ, ನಿದ್ದೆ, ಸ್ಕೂಲು ಸರಿ ಇದ್ಯಲ್ಲ? ಆ ವಯಸ್ಸಲ್ಲಿ ಮನೇಲಿ ಯಾರಿಗೂ ಹೇಳೋಕಾಗದ ಮಾತು ನೂರು ಇರುತ್ತೆ, ಹೇಳದೇನೇ ಅರ್ಥ ಮಾಡ್ಕೊಳ್ಳೋ ಒಂದು ಜೀವ ಇರ್ಲಿ ಅನ್ನೋ ಆಸೆ ಇರುತ್ತೆ, ಜೊತೆಗೆ ತನ್ನ ತಲೆಯೊಳಗೆ ಇನ್ಯಾರೋ ಬಂದ್ರೆ ಎಲ್ಲಾ ಗೊತ್ತಾಗ್ಬಿಡುತ್ತಲ್ಲ ಅನ್ನೋ ಭಯನೂ ಇರುತ್ತೆ. ಈ ಕಥೆ ಎರಡನ್ನೂ ಮುಟ್ಟುತ್ತೆ. ಯಾವ ಜಾಗ ಮತ್ತೆ ಮತ್ತೆ ಓದ್ತಿದೀಯ ಅಂತ ಒಮ್ಮೆ ಕೇಳಿ, ಸಾಕುವ ಜಾಗನಾ, ಹಾರೋ ಜಾಗನಾ, ಕತ್ತಿ ಹಿಡಿಯೋ ಜಾಗನಾ ಅಂತ. ಅವಳ ಉತ್ತರದಿಂದ ನಿಮಗೆ ಗೊತ್ತಾಗೋದು ನೂರು ರಿವ್ಯೂ ಓದಿದ್ರೂ ಗೊತ್ತಾಗಲ್ಲ, ಮುಂದೆ ಏನು ಕೊಡಿಸ್ಬೇಕು ಅನ್ನೋದೂ ಅಲ್ಲೇ ಸಿಗುತ್ತೆ.

ಸಾಕೋದು ಇಷ್ಟ ಅಂದ್ರೆ ಮೆಕಾಫ್ರಿಯವರ ಡ್ರ್ಯಾಗನ್‌ಸಾಂಗ್ ಕೊಡ್ಸಿ, 1976ರದ್ದು, ಸಂಗೀತ ಗೊತ್ತಿರೋ ಹುಡುಗಿಗೆ ಅಪ್ಪನೇ ಹಾಡಬೇಡ ಅಂತಾನೆ, ಅವಳು ಮನೆ ಬಿಟ್ಟು ಹೋಗಿ ಸಮುದ್ರದ ದಡದ ಗುಹೇಲಿ ಒಂಬತ್ತು ಪುಟಾಣಿ ಬೆಂಕಿಹಲ್ಲಿಗಳಿಗೆ ತಾಯಿ ಥರ ಆಗ್ಬಿಡ್ತಾಳೆ. ಅವರದೇ ಪರ್ನ್ ಸರಣಿಯ ಮೊದಲ ಕಾದಂಬರಿ ದೊಡ್ಡೋರಿಗೆ ಬರೆದಿದ್ದು, ಅದನ್ನ ಈಗ್ಲೇ ಬೇಡ. ಯುದ್ಧ, ಇತಿಹಾಸ ಇಷ್ಟ ಅಂದ್ರೆ ನವೋಮಿ ನೋವಿಕ್ ಅವರ ಟೆಮೆರೇರ್ ಇದೆ, 2006ರಲ್ಲಿ ಶುರುವಾದ ಸರಣಿ, ನೆಪೋಲಿಯನ್ ಕಾಲದ ಯುದ್ಧದಲ್ಲಿ ಡ್ರ್ಯಾಗನ್‌ಗಳ ವಾಯುಸೇನೆ, ಅಲ್ಲಿ ಡ್ರ್ಯಾಗನ್ ಹೋಗ್ತಾ ಹೋಗ್ತಾ ನಮಗ್ಯಾಕೆ ಸ್ವಾತಂತ್ರ್ಯ ಇಲ್ಲ ಅಂತ ವಾದಕ್ಕೇ ನಿಲ್ಲುತ್ತೆ.

ಒಂದು ಎಚ್ಚರಿಕೆ. ಡ್ರ್ಯಾಗನ್ ಜೊತೆ ನಂಟು ಅಂತ ಹುಡುಕಿದ್ರೆ ಈಗ ಮೊದ್ಲು ಬರೋದು ರೆಬೆಕಾ ಯಾರೋಸ್ ಅವರ ಫೋರ್ತ್ ವಿಂಗ್, 2023ರದ್ದು, ರೀಲ್ಸಲ್ಲೆಲ್ಲ ಅದೇ. ಅಲ್ಲೂ ಡ್ರ್ಯಾಗನ್ ಆರಿಸ್ಕೊಳ್ಳೋದು, ತಲೆಯೊಳಗೆ ಮಾತಾಡೋದು ಎಲ್ಲಾ ಇದೆ, ಆದ್ರೆ ಅದು ವಯಸ್ಕರ ಪುಸ್ತಕ, ಬಿಚ್ಚಿ ಬರೆದ ಲೈಂಗಿಕ ದೃಶ್ಯಗಳಿವೆ. ಮುಖಪುಟ ನೋಡಿದ್ರೆ ಗೊತ್ತಾಗಲ್ಲ, ಅಂಗಡಿಯವರೂ ಕೆಲವೊಮ್ಮೆ ಮಕ್ಕಳ ಶೆಲ್ಫ್ ಪಕ್ಕದಲ್ಲೇ ಇಟ್ಟಿರ್ತಾರೆ. ಯಾರಾದ್ರೂ 'ಎರಗಾನ್ ಥರನೇ' ಅಂತ ಗಿಫ್ಟ್ ತಂದ್ರೆ ಮೊದ್ಲು ನೀವು ನೋಡಿ.

ಮತ್ತೆ 2006ರ ಸಿನಿಮಾ ತೋರಿಸಿ ಖುಷಿ ಪಡಿಸೋಣ ಅಂತ ಹೋಗ್ಬೇಡಿ. ಪುಸ್ತಕ ಇಷ್ಟಪಟ್ಟೋರಿಗೆ ಅದರ ಮೇಲೆ ಇರೋ ಸಿಟ್ಟು ಇನ್ನೂ ಆರಿಲ್ಲ, ಅದ್ರಲ್ಲಿ ಮರಿ ಸಫೀರಾ ಆಕಾಶಕ್ಕೆ ಹಾರಿ ಅಲ್ಲೇ ಒಂದೇ ಏಟಿಗೆ ದೊಡ್ಡವಳಾಗಿ ಕೆಳಗಿಳೀತಾಳೆ, ಸಾಕೋ ಭಾಗವೇ ಮಾಯ.

ಖರೀದಿಗೆ ಬಂದ್ರೆ, ಮೂಲ ಸರಣಿ ಒಟ್ಟು ನಾಲ್ಕು ಭಾಗ, ಎರಡನೇದು ಎಲ್ಡೆಸ್ಟ್ 2005, ಬ್ರಿಸಿಂಗರ್ 2008, ಇನ್ಹೆರಿಟೆನ್ಸ್ 2011. ಬಾಕ್ಸ್ ಸೆಟ್ ಆಸೆಗೆ ಒಟ್ಟಿಗೆ ತಗೋಬೇಡಿ, ಎಲ್ಡೆಸ್ಟ್ ಒಂದು ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಸಿಕ್ರೂ ನಡೆಯುತ್ತೆ. ಅದ್ರಲ್ಲಿ ಸಫೀರಾ ಬರೀ ಬುದ್ಧಿ ಹೇಳೋದು ಬಿಟ್ಟು ಸ್ವಂತ ಜೀವನ ಶುರು ಮಾಡ್ತಾಳೆ, ಒಂದು ಮುಂಗಾಲಿಲ್ಲದ ಮುದಿ ಚಿನ್ನದ ಬಣ್ಣದ ಡ್ರ್ಯಾಗನ್ ಮೇಲೆ ಮನಸ್ಸಾಗಿ ಅವನ ಹತ್ರ ಒದೆ ತಿಂದು ಬರ್ತಾಳೆ, ಅತ್ತ ಎರಗಾನ್‌ಗೂ ಅದೇ ಹೊತ್ತಿಗೆ ಅವನ ಹುಡುಗಿ ಬೇಡ ಅಂತಾಳೆ, ಇಬ್ಬರೂ ಸೇರ್ಕೊಂಡು ಸಪ್ಪೆ ಮುಖ. ಮಧ್ಯೆ ಮಧ್ಯೆ ಎರಗಾನ್‌ನ ಸೋದರಸಂಬಂಧಿ ರೋರನ್ ಊರಿನವರನ್ನ ಕಟ್ಕೊಂಡು ಹೊರಡೋ ಕಥೆ ಬರುತ್ತೆ, ಅಲ್ಲಿ ಡ್ರ್ಯಾಗನ್ ಇಲ್ಲ, ಅವಳು ಆ ಅಧ್ಯಾಯಗಳನ್ನ ಹಾರಿಸಿ ಓದಿದ್ರೆ ಬೈಬೇಡಿ, ತುಂಬಾ ಜನ ಹಾಗೇ ಓದಿದಾರೆ, ಮೂರನೇ ಭಾಗ ಅರ್ಥ ಆಗದೇ ಇದ್ದಾಗ ಅವಳೇ ವಾಪಸ್ ಹೋಗಿ ಓದ್ಕೋತಾಳೆ.